ಹಳೆಯ ಜಾವಾ-ಯೆಜ್ದಿಗಳ ಮನೆ ದುರಸ್ತಿ: ಬಿಡಿಭಾಗ, ಕಾಗದಪತ್ರ ಮತ್ತು ಲೆಕ್ಕ

ನಮ್ಮ ಸದಸ್ಯ ಬಾಂಧವರ ಗೋದಾಮುಗಳಲ್ಲಿ, ಹಿತ್ತಲಿನ ತಗಡಿನ ಶೆಡ್ಡುಗಳಲ್ಲಿ ಗೋಣಿತಾಟು ಹೊದ್ದು ನಿಂತ ಜಾವಾ ಅಥವಾ ಯೆಜ್ದಿ ಮೋಟಾರ್ ಸೈಕಲ್ ಕಾಣಸಿಗುವುದು ಅಪರೂಪವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆ ಆರಂಭಿಸಿ, 1970ರ ದಶಕದಲ್ಲಿ ಯೆಜ್ದಿ ಎಂಬ ಹೆಸರಿಗೆ ಬದಲಾಗಿ, 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವಾದರೂ ಆ ಹೊಸ ವಾಹನಗಳು ನಾಲ್ಕು ಸ್ಟ್ರೋಕಿನವು. ಅವುಗಳ ಎಂಜಿನ್ ಭಾಗಗಳು ಹಳೆಯ ಎರಡು ಸ್ಟ್ರೋಕಿನ ಎಂಜಿನ್ನಿಗೆ ಉಪಯೋಗಕ್ಕೆ ಬಾರವು. ಹೀಗಾಗಿ ಹಳೆಯ ವಾಹನದ ಪುನರುಜ್ಜೀವನವೆಂದರೆ ಬಹುಮಟ್ಟಿಗೆ ಕೈಯಲ್ಲಿರುವ ಸವೆದ ಭಾಗವನ್ನೇ ಸರಿಪಡಿಸಿಕೊಳ್ಳುವುದು. ಪೇಟೆಯಲ್ಲಿ ಸಿಗುವ ನಕಲು ಭಾಗಗಳ ಗುಣಮಟ್ಟ ಒಂದೇ ತೆರನಾಗಿಲ್ಲ. ಮೂಲ ಭಾಗಕ್ಕೆ ಬೆಲೆಯೂ ಇದೆ, ಕಾನೂನಿನಲ್ಲಿ ಮಾನ್ಯತೆಯೂ ಇದೆ.

ಮೊದಲು ಕಾಗದಪತ್ರದ ಮಾತು. ಒಂದು ಬೋಲ್ಟನ್ನು ಸಡಿಲಿಸುವ ಮುನ್ನವೇ ನೋಂದಣಿ ಪತ್ರವನ್ನು ಹುಡುಕಿ, ಅದರಲ್ಲಿನ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಲೋಹದ ಮೇಲಿನ ಅಚ್ಚಿನೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡತಕ್ಕದ್ದು. ತಾಳೆಯಾಗದಿದ್ದಲ್ಲಿ ಖರ್ಚನ್ನು ಅಲ್ಲಿಯೇ ನಿಲ್ಲಿಸುವುದು ಲೇಸು. ಬಣ್ಣ ಕೆರೆಯುವಾಗ ಈ ಅಂಕಿಗಳ ಮೇಲೆ ಉಜ್ಜುಕಾಗದ ಆಡಿಸಕೂಡದು. ವಾಹನವು ತೀರಿಕೊಂಡ ತಂದೆಯವರ ಹೆಸರಿನಲ್ಲಿಯೇ ಉಳಿದಿದ್ದರೆ ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕು. ಸಾಮಾನ್ಯ ನೋಂದಣಿ 15 ವರ್ಷಗಳದ್ದು. ಅನಂತರ 5 ವರ್ಷಕ್ಕೊಮ್ಮೆ ನವೀಕರಣ. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯ ಮೇರೆಗೆ 20 ವರ್ಷ ಮೀರಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕ ರೂ. 2,000. ಹಸಿರು ತೆರಿಗೆ ಮತ್ತು ವಿಮೆ ಪ್ರತ್ಯೇಕ.

2021ರ ಜುಲೈಯಲ್ಲಿ ಕೇಂದ್ರ ಸರಕಾರವು ‘ವಿಂಟೇಜ್’ ವಾಹನಗಳಿಗೆ ಬೇರೆಯೇ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿರಬೇಕು; ಚಾಸಿಸ್, ಹೊರಮೈ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದೆ ಮೂಲ ಸ್ವರೂಪದಲ್ಲಿರಬೇಕು. ಹೊಸ ನೋಂದಣಿಗೆ ರೂ. 20,000, ಅವಧಿ 10 ವರ್ಷ, ಮರುನೋಂದಣಿಗೆ ರೂ. 5,000. ಆದರೆ ಈ ನೋಂದಣಿಯ ವಾಹನವನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವಿಕೆ, ದುರಸ್ತಿ ಮುಂತಾದ ಕಾರಣಗಳಿಗಲ್ಲದೆ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಭಾನುವಾರ ಧಾರವಾಡದವರೆಗೆ ಹೋಗಿಬರುವ ಆಸೆಯುಳ್ಳವರಿಗೆ ಸಾಮಾನ್ಯ ನವೀಕರಣವೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನು ಕೆಲಸದ ವಿಷಯ. ಬಿಚ್ಚುವ ಪ್ರತಿ ಹಂತದಲ್ಲಿ ಛಾಯಾಚಿತ್ರ ತೆಗೆದುಕೊಂಡು, ಆಯಾ ಭಾಗದ ನಟ್ಟು-ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಡಬೇಕು. ಜಾವಾ ವಾಹನದ ಎಳೆಗಳು ಮೆಟ್ರಿಕ್ ಅಳತೆಯವು. ಹಳೆಯ ಬುಲೆಟ್‌ನಲ್ಲಿ ಇಂಗ್ಲಿಷ್ ಅಳತೆಯವು. ಒಂದರ ಪಾನಾ ಇನ್ನೊಂದಕ್ಕೆ ಹಾಕಿದರೆ ಬೋಲ್ಟಿನ ಮೂಲೆಗಳು ಉರುಟಾಗುತ್ತವೆ.

ಮನೆಯಲ್ಲಿಯೇ ಸಾಧ್ಯವಾಗುವ ಕೆಲಸ ಸಾಕಷ್ಟಿದೆ. ಪೆಟ್ರೋಲ್ ಟ್ಯಾಂಕಿನೊಳಗಣ ತುಕ್ಕನ್ನು ಕಿರಾಣಿ ಅಂಗಡಿಯ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ದ್ರಾವಣದಲ್ಲಿ ಒಂದೆರಡು ದಿನ ನೆನೆಯಿಟ್ಟು ತೆಗೆಯಬಹುದು. ಆಮೇಲೆ ಅಡುಗೆ ಸೋಡಾದ ನೀರಿನಿಂದ ತೊಳೆದು ತಕ್ಷಣ ಒಣಗಿಸದಿದ್ದರೆ ತುಕ್ಕು ಮರುದಿನವೇ ಮರಳುತ್ತದೆ. ಸೈಲೆನ್ಸರಿನ ಒಳಕೊಳವೆಯ ಮಸಿಗೆ ಕಾಸ್ಟಿಕ್ ಸೋಡಾ ಬಳಸುವ ರೂಢಿಯಿದೆ. ಅದು ಚರ್ಮ, ಕಣ್ಣುಗಳಿಗೆ ಅಪಾಯಕಾರಿ. ಅಲ್ಲದೆ ಅಲ್ಯುಮಿನಿಯಂ ಭಾಗವನ್ನು ಅದರಲ್ಲಿ ಅದ್ದಿದರೆ ಭಾಗವೇ ಕರಗಿ ಹೋಗುತ್ತದೆ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಡ್ರಮ್ಮಿನ ಧೂಳನ್ನು ಊದದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಈಗ ದೊರೆಯುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ ಮತ್ತು ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲ್ ನಳಿಕೆ, ವಾಶರ್‌ಗಳನ್ನು ಎಥೆನಾಲ್ ತಾಳಬಲ್ಲವುಗಳಿಗೆ ಬದಲಿಸಿ, ವಾಹನವನ್ನು ಬಹುದಿನ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದು ಮಾಡಿಡುವುದು ಒಳಿತು.

ಕಾರ್ಯಾಗಾರಕ್ಕೆ ಕೊಡಲೇಬೇಕಾದವು ಸಿಲಿಂಡರ್ ಮತ್ತು ಕ್ರ್ಯಾಂಕ್. ಈ 250 ಸಿಸಿ ಎಂಜಿನ್ನಿನ ಮೂಲ ಬೋರ್ 65 ಮಿ.ಮೀ. ಸವೆದಾಗ ಅದನ್ನು ತುಸು ಹಿಗ್ಗಿಸಿ ದೊಡ್ಡ ಪಿಸ್ಟನ್ ಹಾಕುತ್ತಾರೆ. ಮೊದಲು ಪಿಸ್ಟನ್ ಖರೀದಿಸಿ, ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸುವುದೇ ಸರಿಯಾದ ಕ್ರಮ. ಒಮ್ಮೆಲೇ ಕೊನೆಯ ಅಳತೆಗೆ ಜಿಗಿದರೆ ಮುಂದಿನ ದುರಸ್ತಿಗೆ ಲೋಹ ಉಳಿಯುವುದಿಲ್ಲ. ಆಗ ಲೈನರ್ ಕೂರಿಸುವುದೊಂದೇ ದಾರಿ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳನ್ನು ಇದೇ ಸಂದರ್ಭದಲ್ಲಿ ಬದಲಿಸತಕ್ಕದ್ದು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸೀಲು ಸೋರಿದರೆ ಹೊರಗಾಳಿ ಒಳಸೇರಿ, ಮಿಶ್ರಣದಲ್ಲಿ ಪೆಟ್ರೋಲು-ಎಣ್ಣೆಯ ಅಂಶ ತಗ್ಗಿ, ಪಿಸ್ಟನ್ ಕಾಯ್ದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಕ್ರೋಮ್ ಹೊಳಪಿಗೆ ಸಾವಿರಗಟ್ಟಲೆ ಸುರಿದು ಸೀಲಿನಲ್ಲಿ ಉಳಿತಾಯ ಮಾಡುವವರನ್ನು ಕಂಡಾಗ, ಅಂಗಡಿಯ ಮುಂಭಾಗವನ್ನು ಸಿಂಗರಿಸಿ ಕೀರ್ದಿ ಬರೆಯದ ವ್ಯಾಪಾರಿಗಳ ನೆನಪಾಗುತ್ತದೆ.

ನಮ್ಮ ಅವಳಿ ನಗರಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಔದ್ಯಮಿಕ ವಾಲ್ವುಗಳ ತಯಾರಿಕೆಗೆ ಹೆಸರಾದ ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆ, ತಾರಿಹಾಳಗಳ ಲೇಥ್ ಕಾರ್ಯಾಗಾರಗಳಿವೆ. ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವವರಿದ್ದಾರೆ. ಸುಟ್ಟುಹೋದ ಡೈನಮೋ ಸುರುಳಿಯನ್ನಾಗಲಿ, ಸವೆದ ಗನ್‌ಮೆಟಲ್ ಬುಶ್ಶನ್ನಾಗಲಿ ಇಲ್ಲಿಯೇ ಮಾಡಿಸಬಹುದು. ಆದರೆ ಬಾಯಿಮಾತಿನ ಆರ್ಡರ್ ಸಲ್ಲದು. ಬುಶ್ಶಿನ ಸವೆಯದ ಅಂಚಿನ ಅಳತೆ, ಅದರಲ್ಲಿ ತಿರುಗುವ ಶಾಫ್ಟಿನ ಅಳತೆ, ನಡುವೆ ಬೇಕಾದ ಸಡಿಲು, ಲೋಹ ಯಾವುದು ಎಂಬುದನ್ನು ಬರೆದು, ಹಳೆಯ ಭಾಗದೊಂದಿಗೆ ಕೊಡಬೇಕು. ಸವೆದ ಭಾಗವೇ ನಮಗಿರುವ ನಕ್ಷೆ. ಅದನ್ನು ಗುಜರಿಗೆ ಹಾಕಿದರೆ ನಕ್ಷೆಯೇ ಹೋಯಿತು.

ಕಾರ್ಯಾಗಾರದ ಮಾಲೀಕರು ಇಂಥ ಬಿಡಿ ಕೆಲಸವನ್ನು ತಿರಸ್ಕರಿಸುವುದು ಸಹಜ. ಯಂತ್ರವನ್ನು ಅಣಿಗೊಳಿಸುವ ವೆಚ್ಚ ರೂ. 400, ಒಂದು ಬುಶ್ಶಿಗೆ ತಗಲುವ ಲೋಹ ಮತ್ತು ಕೂಲಿ ರೂ. 100 ಎಂದಿಟ್ಟುಕೊಳ್ಳೋಣ. ಒಂದೇ ಬುಶ್ ಆದರೆ ಅಸಲು ರೂ. 500; ಹತ್ತು ಮಾಡಿದರೆ ಒಂದಕ್ಕೆ ರೂ. 140. ಊರಿನ ನಾಲ್ಕೈದು ವಾಹನ ಮಾಲೀಕರು ಒಗ್ಗೂಡಿ ಆರ್ಡರ್ ಕೊಟ್ಟರೆ ಉಭಯತರಿಗೂ ಲಾಭ.

ಲೆಕ್ಕದ ದೃಷ್ಟಿಯಿಂದ ಎರಡು ಎಚ್ಚರಿಕೆಗಳು. ಸ್ವಂತ ಹವ್ಯಾಸದ ವಾಹನದ ಖರ್ಚನ್ನು ಅಂಗಡಿಯ ದುರಸ್ತಿ ಖಾತೆಗೆ ನಾಮೆ ಹಾಕಲಾಗದು. ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಜಮೆಯನ್ನೂ ಪಡೆಯಲಾಗದು. ಅದು ಮಾಲೀಕರ ಡ್ರಾಯಿಂಗ್ಸ್. ಹೀಗೆ ವ್ಯವಹಾರದ ಲೆಕ್ಕದಿಂದ ಹೊರಗಿಟ್ಟು ಸ್ವಂತಕ್ಕೆ ಬಳಸಿದ ವಾಹನವನ್ನು ಮುಂದೆಂದಾದರೂ ಮಾರಿದಾಗ, ವೈಯಕ್ತಿಕ ಬಳಕೆಯ ಚರಸ್ವತ್ತಾದ ಕಾರಣ ಬಂಡವಾಳ ಲಾಭದ ತೆರಿಗೆ ಬಾರದು.

ಹಳೆಯ ವಾಹನ ಕೊಂಡು, ಸರಿಪಡಿಸಿ, ಮಾರುವುದನ್ನೇ ವ್ಯಾಪಾರವಾಗಿಸಿಕೊಂಡವರ ಸ್ಥಿತಿ ಬೇರೆ. 2025ರ ಜನವರಿ 16ರಿಂದ ನೋಂದಾಯಿತ ವರ್ತಕರಿಗೆ ಹಳೆಯ ವಾಹನಗಳ ಮಾರ್ಜಿನ್ ಮೇಲೆ ಜಿಎಸ್‌ಟಿ ಶೇ. 18. ಮಾರ್ಜಿನ್ ಎಂದರೆ ಮಾರಾಟದ ಬೆಲೆಯಿಂದ ಖರೀದಿ ಬೆಲೆಯನ್ನು ಕಳೆದುಳಿದ ಮೊತ್ತ. ದುರಸ್ತಿಯ ಖರ್ಚು ಅದರಲ್ಲಿ ವಜಾ ಆಗುವುದಿಲ್ಲ. ಉದಾಹರಣೆಗೆ, ರೂ. 40,000ಕ್ಕೆ ಕೊಂಡು, ರೂ. 60,000 ವ್ಯಯಿಸಿ, ತೆರಿಗೆ ಹೊರತುಪಡಿಸಿ ರೂ. 1,20,000ಕ್ಕೆ ಮಾರಿದರೆ ಕೈಗೆ ಉಳಿಯುವುದು ರೂ. 20,000, ತೆರಿಗೆ ಬೀಳುವುದು ರೂ. 80,000ದ ಮೇಲೆ, ಅಂದರೆ ರೂ. 14,400. ಗಿರಾಕಿಯೊಂದಿಗೆ ಬೆಲೆ ಗೊತ್ತುಮಾಡುವಾಗ ಇದನ್ನು ಸೇರಿಸದಿದ್ದರೆ ಆ ಹಣ ತಮ್ಮ ಕೈಯಿಂದಲೇ ಹೋಗುತ್ತದೆ. ಖರೀದಿಯ ರಸೀದಿ ಮತ್ತು ಮಾರಿದವರ ಸಹಿಯುಳ್ಳ ವರ್ಗಾವಣೆ ಅರ್ಜಿಯ ಪ್ರತಿಗಳನ್ನು ಆ ವಾಹನದ ಕಡತದಲ್ಲಿ ಬೇರೆಯಾಗಿಯೇ ಇಡತಕ್ಕದ್ದು. ತೆಗೆದಿರಿಸಿದ ಮೂಲ ಭಾಗಗಳ ಯಾದಿಯೂ ಅದೇ ಕಡತದಲ್ಲಿರಲಿ.