ಕಾನೂನು ಓದಿನ ಮೊದಲ ವರ್ಷ: ಮನೆಯೂ ಸಿದ್ಧವಾಗಲಿ

ಪವಿತ್ರ ಕುರ್‌ಆನಿನ 58ನೇ ಅಧ್ಯಾಯದ ಹೆಸರು ‘ಅಲ್ ಮುಜಾದಿಲ’. ವಾದಿಸುವ ಮಹಿಳೆ ಎಂದು ಅದರರ್ಥ. ಪತಿಯ ಒಂದು ಮಾತಿನಿಂದ ಬದುಕು ಅತಂತ್ರವಾದಾಗ ಖೌಲಾ ಬಿಂತ್ ಸಅಲಬಾ(ರ) ಪ್ರವಾದಿವರ್ಯರ(ಸ) ಬಳಿಗೆ ಬಂದು ತಮ್ಮ ಅಹವಾಲನ್ನು ತಾವೇ ಮಂಡಿಸಿದರು. ಅದಕ್ಕೆ ಉತ್ತರವಾಗಿ ದೇವವಾಣಿಯೇ ಅವತೀರ್ಣವಾಯಿತು. ಹೀಗಿರುವಾಗ ಹೆಣ್ಣು ಮಗಳಿಗೆ ಕಾನೂನು ಓದು ಯಾಕೆ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳಬೇಕಾಗಿಲ್ಲ. ಕೇಳಬೇಕಾದದ್ದು ಬೇರೆ: ಕಾಲೇಜು ಸೇರಿದ ಮಗಳು ಮೊದಲ ವರ್ಷವನ್ನು ದಾಟುವುದು ಹೇಗೆ?

ಪಿಯುಸಿ ನಂತರದ ಬಿ.ಎ. ಎಲ್‌ಎಲ್.ಬಿ. ಐದು ವರ್ಷಗಳ ಪದವಿ. ಅನೇಕ ಕಾಲೇಜುಗಳಲ್ಲಿ ಮೊದಲ ವರ್ಷ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇಂಗ್ಲಿಷ್‌ಗಳದ್ದೇ ದೊಡ್ಡ ಪಾಲು. “ಇದರಲ್ಲಿ ಕಾನೂನು ಎಲ್ಲಿದೆ?” ಎಂದು ಮಗಳು ಬೇಸರಿಸಿದರೆ ‘ಶಕ್ತಿ’ ಯೋಜನೆಯನ್ನು ತೋರಿಸಿ. 2023ರ ಜೂನ್‌ನಲ್ಲಿ ಕರ್ನಾಟಕದ ಮಹಿಳೆಯರಿಗೆ ಸರಕಾರಿ ಬಸ್ ಪ್ರಯಾಣ ಉಚಿತವಾಯಿತು. ಯಾವ ಬಸ್ಸಿಗೆ ಅನ್ವಯ? ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡುವವರು ಯಾರು? ಖಾಸಗಿ ಬಸ್ಸುಗಳೇ ಓಡುವ ಊರಿನ ಮಹಿಳೆಗೆ ಸಿಕ್ಕಿದ್ದೇನು? ಇಂತಹ ಪ್ರಶ್ನೆಗಳೇ ಸಾರ್ವಜನಿಕ ನೀತಿಯ ಪಾಠ. ಕಾನೂನು ಬೇರು ಬಿಡುವುದು ಈ ಮಣ್ಣಿನಲ್ಲೇ.

ಮೊದಲ ಎರಡು ತಿಂಗಳು ಭಾಷೆಗೆ ಮೀಸಲಿರಲಿ. ಕನ್ನಡ ಮಾಧ್ಯಮದಲ್ಲಿ ಕಲಿತವರು ಅಂಜಬೇಕಾಗಿಲ್ಲ. ನಮ್ಮ ಸಂವಿಧಾನ ಕನ್ನಡದಲ್ಲೂ ಇದೆ. ಮೂಲಭೂತ ಹಕ್ಕುಗಳ 3ನೇ ಭಾಗದಲ್ಲಿ ದಿನಕ್ಕೊಂದು ವಿಧಿಯನ್ನು ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಓದಲಿ.

ಮೂರನೇ ತಿಂಗಳಿನಿಂದ ಹದಿನೈದು ದಿನಕ್ಕೊಂದು ತೀರ್ಪು. ನಡೆದದ್ದೇನು, ಪ್ರಶ್ನೆ ಏನು, ತೀರ್ಪು ಏನು, ಕಾರಣ ಏನು ಎಂಬ ನಾಲ್ಕನ್ನು ಒಂದು ಪುಟದಲ್ಲಿ ಬರೆಯಲಿ. ತ್ರಿವಳಿ ತಲಾಖ್ ಕುರಿತ 2017ರ ಶಾಯರಾ ಬಾನು ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೈಕಿ ಮೂವರು ಆ ಪದ್ಧತಿಯನ್ನು ರದ್ದುಪಡಿಸಿದರು, ಇಬ್ಬರು ಭಿನ್ನವಾಗಿ ಬರೆದರು. ಮೂವರ ಕಾರಣಗಳೂ ಒಂದೇ ಅಲ್ಲ. ಒಂದೇ ಮಸ್‌ಅಲದಲ್ಲಿ ಇಮಾಮರು ಬೇರೆ ಬೇರೆ ಪುರಾವೆ ಮುಂದಿಟ್ಟದ್ದನ್ನು ಮದ್ರಸದಲ್ಲಿ ಕಲಿತ ಹುಡುಗಿಗೆ ಇದು ಹೊಸತಲ್ಲ.

ಹಿರಿಯ ವಿದ್ಯಾರ್ಥಿಗಳಿಂದ ಹಳೆಯ ಪುಸ್ತಕ ಪಡೆಯುವಾಗ ಎಚ್ಚರವಿರಲಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ.

ಇನ್ನು ಮನೆಯವರ ಪಾಲು. ವಕೀಲರ ಪರಿಷತ್ತಿನ 2008ರ ನಿಯಮಗಳು ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿಯನ್ನು ನಿಗದಿಪಡಿಸಿವೆ. ಅತ್ತಿಗೆಯ ಬಾಣಂತನ, ಚಿಕ್ಕಪ್ಪನ ಮಗಳ ಮದುವೆ, ಅಜ್ಜಿಯ ಆಸ್ಪತ್ರೆ, ಎಲ್ಲದಕ್ಕೂ ರಜೆ ಹಾಕುವವಳು ಅವಳೇ ಆದರೆ ಈ ಲೆಕ್ಕ ಬೇಗ ತಪ್ಪುತ್ತದೆ. ಅಣ್ಣ ತಮ್ಮಂದಿರೂ ರಜೆ ಹಾಕಬಹುದಲ್ಲವೇ? ಸೆಮಿಸ್ಟರ್ ವೇಳಾಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ರಮಝಾನಿನಲ್ಲಿ ಸಹರಿಯ ಬಳಿಕದ ಒಂದು ಗಂಟೆ ಅವಳ ಓದಿಗಿರಲಿ.

ಐದು ವರ್ಷಗಳಲ್ಲಿ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಆಗಬೇಕು. ಮೊದಲ ರಜೆಯಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಲಿ. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇದ್ದರೂ ಮಹಿಳೆಯರು ಉಚಿತ ಕಾನೂನು ನೆರವಿಗೆ ಅರ್ಹರು. ಇದು ತಿಳಿಯದೆ ಜೀವನಾಂಶ, ಆಸ್ತಿಯ ಪಾಲು ಬಿಟ್ಟುಕೊಟ್ಟ ಸಹೋದರಿಯರು ನಮ್ಮ ಮೊಹಲ್ಲಾಗಳಲ್ಲಿಲ್ಲವೇ? ಅವರ ಪಕ್ಕದಲ್ಲಿ ಕುಳಿತು ಅರ್ಜಿ ಬರೆದುಕೊಡುವುದನ್ನು ಮೊದಲ ವರ್ಷದ ಹುಡುಗಿಯೂ ಕಲಿಯಬಲ್ಲಳು.

1989ರಲ್ಲಿ ಸುಪ್ರೀಮ್ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶರಾದವರು ಕೇರಳದ ಫಾತಿಮಾ ಬೀವಿ. ಅವರನ್ನು ಕಾನೂನು ಓದಿಗೆ ಹುರಿದುಂಬಿಸಿದವರು ಅವರ ತಂದೆ. ಅಂತಹ ತಂದೆ ತಾಯಂದಿರು ನಾವೂ ಆಗೋಣ. ಮಗಳ ಪರಿಶ್ರಮಕ್ಕೆ ಅಲ್ಲಾಹನು ಬರಕತ್ ನೀಡಲಿ.