ಆರ್‌ಸಿ ಅಸಲಿ, ಗಾಡಿ ಕಳ್ಳಮಾಲು

ಭಟ್ಕಳ, ಹೊನ್ನಾವರ, ಕುಮಟಾದ ಗಾಡಿಗಳ ನಂಬರು ಕೆಎ-47. ಹೆದ್ದಾರಿ 66ರಲ್ಲಿ ಓಡುವುದೆಲ್ಲ ಅದೇ ನಂಬರಿನದಲ್ಲ, ಬಿಡಿ. ದುಬೈ ಪ್ಲೇಟಿನ ಕಾರು ಕಂಡ ಮಾತ್ರಕ್ಕೆ ಅನುಮಾನ ಪಡಬೇಕಾಗಿಲ್ಲ. ಕಾರ್ನೆ ಪರವಾನಗಿ ಪಡೆದರೆ ಸುಂಕ ಕಟ್ಟದೆ ಆರು ತಿಂಗಳ ಮಟ್ಟಿಗೆ ತರಬಹುದು. ಆಮೇಲೆ ವಾಪಸು ಒಯ್ಯಲೇಬೇಕು. ಇಲ್ಲೇ ಉಳಿಸಿಕೊಳ್ಳೋಣವೆಂದರೆ ಕಾನೂನು ಅಡ್ಡ ಬರುತ್ತದೆ: ಆಮದಾಗುವ ಹಳೆಯ ಕಾರು ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಗಲ್ಫಿನಲ್ಲಿ ಅದು ಎಡಗಡೆ.

ಭೂತಾನದಲ್ಲಿ ಬಲಗಡೆ. ಕಳ್ಳದಾರಿ ಅತ್ತ ತಿರುಗಿದ್ದು ಸುಮ್ಮನೆ ಅಲ್ಲ. 2025ರ ಸೆಪ್ಟೆಂಬರ್ 23ರಂದು ಕಸ್ಟಮ್ಸ್ ‘ಆಪರೇಷನ್ ನುಮ್‌ಖೋರ್’ ಹೆಸರಿನಲ್ಲಿ ಕೇರಳದ ಹಲವೆಡೆ ದಾಳಿ ಮಾಡಿ 36 ಗಾಡಿ ವಶಪಡಿಸಿಕೊಂಡಿತು. ಭೂತಾನದಿಂದ ಗಡಿ ದಾಟಿಸಿ, ಭಾರತೀಯ ಸೇನೆ, ರಾಯಭಾರ ಕಚೇರಿಗಳ ಹೆಸರಿನಲ್ಲಿ ನಕಲಿ ಕಾಗದ ಹುಟ್ಟಿಸಿ, ಹಿಮಾಚಲದಂಥ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ ಮಾರಿದ್ದಾರೆ ಎಂಬುದು ಇಲಾಖೆಯ ಆರೋಪ. ನಟ ದುಲ್ಕರ್ ಸಲ್ಮಾನ್ ಅವರ ಡಿಫೆಂಡರ್ ಕೂಡ ಹೋಯಿತು. ಕಾಗದ ಸರಿಯಿದೆ ಎಂದು ನಂಬಿಯೇ ಕೊಂಡದ್ದು ಎಂದು ಅವರು ಕೇರಳ ಹೈಕೋರ್ಟಿನಲ್ಲಿ ವಾದಿಸಿದರು.

ನಂಬುವುದು ಸುಲಭ. ಮೊದಲ ಆರ್‌ಟಿಒದಲ್ಲಿ ಸುಳ್ಳು ಒಮ್ಮೆ ದಾಖಲಾದರೆ, ಆಮೇಲಿನ ಎನ್‌ಒಸಿ, ತೆರಿಗೆ ರಸೀದಿ, ಹೊಸ ನಂಬರು ಎಲ್ಲವೂ ಅಸಲಿಯೇ. ಹೊನ್ನಾವರದ ಗುಮಾಸ್ತರ ಮುಂದೆ ಬರುವುದು ಹಿಂದಿನ ಆರ್‌ಸಿ, ಗಡಿ ದಾಟಿದ ಕಥೆಯಲ್ಲ. ಕಸ್ಟಮ್ಸ್ ಕಾಯ್ದೆ, 1962 ಮೊದಲು ಕೈಹಾಕುವುದು ಮಾಲಿನ ಮೇಲೆ. ಎಷ್ಟು ಕೈ ಬದಲಾಗಿದ್ದರೂ ಕೊನೆಯ ಮಾಲೀಕನ ಅಂಗಳದಿಂದಲೇ ಗಾಡಿ ಹೋಗುತ್ತದೆ. ಆರು ತಿಂಗಳೊಳಗೆ ನೋಟಿಸ್ ಕೊಡಬೇಕು, ಮತ್ತೆ ಆರು ತಿಂಗಳು ವಿಸ್ತರಿಸಬಹುದು. ಅಷ್ಟರಲ್ಲಿ ಒಂದು ಮಳೆಗಾಲ ಬಯಲಲ್ಲಿ ನಿಂತ ಗಾಡಿಯ ಗತಿ ಕರಾವಳಿಯವರಿಗೆ ಹೇಳಬೇಕೆ! ದಂಡ ಕಟ್ಟಿ ಬಿಡಿಸಿಕೊಳ್ಳಲು 125ನೇ ಕಲಮಿದೆ. ನಿಷೇಧಿತ ಆಮದಾದರೆ ಅದೂ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ಆದ್ದರಿಂದ ಹಳೆಯ ಲ್ಯಾಂಡ್ ಕ್ರೂಸರ್ ಅಗ್ಗಕ್ಕೆ ಬಂತೆಂದರೆ ಬಾನೆಟ್ ಎತ್ತಿ ಚಾಸಿ ನಂಬರು ಓದಿ. ಭಾರತದಲ್ಲಿ ತಯಾರಾದವುಗಳ 17 ಅಕ್ಷರದ ನಂಬರು ‘ಎಂ’ನಿಂದ ಶುರುವಾಗುತ್ತದೆ, ‘ಜೆ’ ಇದ್ದರೆ ಜಪಾನಿನದು, ‘ಎಸ್‌ಎ’ ಇದ್ದರೆ ಬ್ರಿಟನ್ನಿನದು. ಹೊರದೇಶದ್ದು ಅಂದಕೂಡಲೇ ಕಳ್ಳಮಾಲಲ್ಲ, ಆದರೆ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಎಲ್ಲೋ ಇರಲೇಬೇಕು. ಅದರ ಪ್ರತಿ ಕೇಳಿ. ‘ಆಮೇಲೆ ವಾಟ್ಸ್ಆ್ಯಪ್ ಮಾಡ್ತೆ’ ಎಂದು ದಲ್ಲಾಳಿ ಹೇಳಿದರೆ ಮುಂಗಡವನ್ನೂ ಆಮೇಲೆಯೇ ಕೊಡಿ.