ಇಶಾ ಕಳೆದರೂ ನಿದ್ದೆ ಬಾರದ ಮಕ್ಕಳು

ನಿದ್ದೆಯೂ ಅಲ್ಲಾಹನ ಅನುಗ್ರಹ ಎಂದು ಕೆಲವು ತಿಂಗಳ ಹಿಂದೆ ಜುಮಾ ಪ್ರವಚನದಲ್ಲಿ ಹೇಳಿದ್ದೆ. ನಮಾಝ್ ಮುಗಿದ ಮೇಲೆ ಒಬ್ಬ ತಂದೆ ಬಂದು, "ಹಝ್ರತ್, ಆ ಅನುಗ್ರಹ ನಮ್ಮ ಮನೆಗೆ ಬಂದಿಲ್ಲ. ಮಗನಿಗೆ ಆಟಿಸಂ. ರಾತ್ರಿ ಎರಡಾದರೂ ಮಲಗಲ್ಲ. ಒಂದು ತಾವೀಝ್ ಕೊಡಿ" ಎಂದರು. ದುಆ ಮಾಡಿದೆ. ಆದರೆ ಅಷ್ಟಕ್ಕೇ ಕಳುಹಿಸಲು ಮನಸ್ಸಾಗಲಿಲ್ಲ. ಮಕ್ಕಳ ವೈದ್ಯರ ಬಳಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಜಿನ್ನಿನ ಕಾಟವಲ್ಲ, ತಾಯಿಯ ಮುದ್ದಿನ ಫಲವೂ ಅಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಿದ್ದೆಯ ತೊಂದರೆ ಇದೆ. ನಮಗೆ ಕೇಳಿಸದ ಫ್ಯಾನಿನ ಕಿರುಗುಟ್ಟುವಿಕೆ, ಅಂಗಿಯ ಲೇಬಲ್, ಬೀದಿ ದೀಪದ ಬೆಳಕು ಅವರನ್ನು ಚುಚ್ಚುತ್ತವೆ.

ಮೊದಲು ವೈದ್ಯರಿಗೆ ತೋರಿಸಿ. ಮಲಬದ್ಧತೆ, ಎದೆಯುರಿ, ಗೊರಕೆ, ಕಬ್ಬಿಣಾಂಶದ ಕೊರತೆ, ಫಿಟ್ಸ್ ಇವೂ ನಿದ್ದೆ ಕೆಡಿಸುತ್ತವೆ. ಮಾತು ಬಾರದ ಮಗು ಹೊಟ್ಟೆ ನೋವನ್ನು ಹೇಗೆ ಹೇಳೀತು? ಮಲಗಿದ ಮತ್ತು ಎದ್ದ ಸಮಯವನ್ನು ಎರಡು ವಾರ ಬರೆದಿಟ್ಟು ಒಯ್ದರೆ ವೈದ್ಯರಿಗೆ ಬಹಳ ಅನುಕೂಲ.

ಇನ್ನು ಮನೆಯ ಕೆಲಸ. ಬೆಳಿಗ್ಗೆ ಏಳಿಸುವ ಸಮಯ ಭಾನುವಾರವೂ ಬದಲಾಗಬಾರದು. ಸಂಜೆ ಚಹಾ ಬೇಡ (ನಮ್ಮ ಮನೆಗಳಲ್ಲಿ ಇದೇ ಕಷ್ಟ!). ಮಲಗುವ ಒಂದು ಗಂಟೆ ಮೊದಲೇ ಮೊಬೈಲ್, ಟಿವಿ ಬಂದ್ ಆಗಲಿ, ಮಗುವಿನದು ಮಾತ್ರವಲ್ಲ, ದೊಡ್ಡವರದ್ದೂ. ಇಶಾದ ನಂತರ ಹರಟೆಯನ್ನು ಪ್ರವಾದಿಯವರು(ಸ) ಇಷ್ಟಪಡುತ್ತಿರಲಿಲ್ಲ ಎಂಬುದು ಹದೀಸ್‌ನಲ್ಲಿದೆ.

ಹಲ್ಲುಜ್ಜುವುದು, ವುಝೂ, ದುಆ, ಹಾಸಿಗೆ, ಹೀಗೆ ನಾಲ್ಕು ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿ. ದಿನವೂ ಅದೇ ಕ್ರಮದಲ್ಲಿ ನಡೆಯಲಿ. ಮುಂದೇನು ಎಂದು ತಿಳಿದಾಗ ಈ ಮಕ್ಕಳ ಗಾಬರಿ ತಗ್ಗುತ್ತದೆ.

ನನಗೆ ಹೊಸದಾಗಿ ಕಂಡದ್ದು ಇನ್ನೊಂದು. ಮಗು ಹನ್ನೆರಡಕ್ಕೆ ಮಲಗುವುದಾದರೆ ಒಂಬತ್ತಕ್ಕೇ ಹಾಸಿಗೆಗೆ ಎಳೆದು ಜಗಳವಾಡಬಾರದು. ಮೂರು ಗಂಟೆ ಹೊರಳಾಡಿದರೆ ಹಾಸಿಗೆ ಎಂದರೇ ಅಳು ಎಂದಾಗುತ್ತದೆ. ಮೊದಲು ಹನ್ನೆರಡಕ್ಕೇ ಮಲಗಿಸಿ. ಕೆಲವು ದಿನ ಬೇಗ ನಿದ್ದೆ ಹತ್ತಿದ ಮೇಲೆ 15 ನಿಮಿಷ ಹಿಂದಕ್ಕೆ ತನ್ನಿ, ಮತ್ತೆ 15 ನಿಮಿಷ. ವಾರಗಳೇ ಬೇಕಾಗುತ್ತವೆ, ಸಬ್ರ್ ಇರಲಿ.

ತೂಕದ ಕಂಬಳಿಗೆ ದುಡ್ಡು ಸುರಿಯಬೇಡಿ. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ನಿದ್ದೆ ಹೆಚ್ಚಲಿಲ್ಲ, ಮಕ್ಕಳಿಗೆ ಇಷ್ಟವಾಯಿತು ಅಷ್ಟೇ. ಶೀತದ ಸಿರಪ್ ಕುಡಿಸಿ ಮಲಗಿಸುವುದಂತೂ ಬೇಡವೇ ಬೇಡ. ವೈದ್ಯರು ಈಗಾಗಲೇ ಕೊಟ್ಟಿರುವ ಔಷಧಿಯನ್ನು ನೀವಾಗಿ ನಿಲ್ಲಿಸಲೂಬೇಡಿ.

ಆ ಹುಡುಗ ಈಗ ಹತ್ತೂವರೆಗೆ ಮಲಗುತ್ತಾನೆ, ನಡುವೆ ಕೆಲವು ರಾತ್ರಿ ಕೆಡುವುದೂ ಉಂಟು. ಆದರೆ ತಂದೆ ಸಂಕೋಚದಿಂದಲೇ ಮತ್ತೊಂದು ಮಾತು ಹೇಳಿದರು. ರಮಝಾನಿನಲ್ಲಿ ಸಹರಿಗೆ ಎಬ್ಬಿಸಲು ನಾವು ಮೈಕಿನಲ್ಲಿ ಮತ್ತೆ ಮತ್ತೆ ಕೂಗುವಾಗ ಅವನು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನಂತೆ. ಎಲ್ಲರ ಕೈಯಲ್ಲೂ ಅಲಾರಂ ಇರುವ ಕಾಲವಿದು. ಅಝಾನ್ ಸಾಕು, ಸಹರಿಯ ಕೂಗು ಬೇಡ ಎಂದು ಜಮಾಅತ್ ಕಮಿಟಿಯ ಮುಂದೆ ಇಟ್ಟಿದ್ದೇನೆ. ಈ ತಿಂಗಳ ಸಭೆಗೆ ತಾವೂ ಬನ್ನಿ.